ರೋಬಾಟಿನ ಕಾಲು, ಕಂಡಕ್ಟರರ ರೈಟ್

ಕೇಳುಗರಿಗೆ ನಮಸ್ಕಾರ.

ಇಂದು ಏಪ್ರಿಲ್ 11, ವಿಶ್ವ ಪಾರ್ಕಿನ್ಸನ್ ದಿನ. ಬೆಳಗಿನ ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತಿರುವವರು ಯಾರೆಂದು ನನಗೆ ಅಂದಾಜಿದೆ. ಒಂದು ಕಣ್ಣು ಒಲೆಯ ಮೇಲಿನ ಹಾಲಿನತ್ತ, ಇನ್ನೊಂದು ಕಣ್ಣು ಬಚ್ಚಲುಮನೆಗೆ ಹೊರಟ ಯಜಮಾನರತ್ತ ಇಟ್ಟಿರುವ ತಾಯಂದಿರು. ಯಜಮಾನರು ಬಾಗಿಲ ಬಳಿ ನಿಂತುಬಿಟ್ಟಿದ್ದಾರೆ. ಕಾಲು ನೆಲಕ್ಕೆ ಅಂಟಿದ ಹಾಗಿದೆ. ನೀವು "ಬನ್ನಿ, ಬನ್ನಿ" ಎನ್ನುತ್ತಾ ಕೈ ಹಿಡಿದು ಎಳೆಯಲು ಹೊರಟಿದ್ದೀರಿ. ದಯವಿಟ್ಟು ಎಳೆಯಬೇಡಿ. ಎಳೆದರೆ ಮೈ ಮುಂದೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ, ಮನುಷ್ಯ ಮುಗ್ಗರಿಸುತ್ತಾನೆ. ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ಆಮೇಲೆ ಬರುತ್ತೇನೆ.

ನನಗೆ ಕೊಟ್ಟಿರುವ ವಿಷಯ, ಪಾರ್ಕಿನ್ಸನ್ ಕಾಯಿಲೆಯವರ ನಡಿಗೆಗೆ ರೋಬಾಟಿನ ನೆರವು. ನಾನು ಫಿಸಿಯೋಥೆರಪಿಸ್ಟ್. ಇಂಥ ಯಂತ್ರದ ಪಕ್ಕದಲ್ಲಿ ಹಲವು ವರ್ಷ ನಿಂತು ಕೆಲಸ ಮಾಡಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ವಾರಕ್ಕೆ ನಾಲ್ಕು ಫೋನ್ ಬರುತ್ತವೆ. "ಮೇಡಂ, ರೋಬಾಟ್ ಹಾಕಿಸಿದರೆ ಅಪ್ಪ ನಡೆಯುತ್ತಾರಂತೆ, ಎಷ್ಟಾಗುತ್ತದೆ?" ಹಲ್ಲು ಕಟ್ಟಿಸುವ ಹಾಗೆ, ಕನ್ನಡಕ ಹಾಕಿಸುವ ಹಾಗೆ! ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು, ಇವತ್ತೂ ಅದನ್ನೇ ಹೇಳುತ್ತೇನೆ. ಯಂತ್ರ ನಡೆಸಿದರೆ ಸಾಲದು, ನಡೆಯುವವರು ನಡೆಯಬೇಕು.

ಮೊದಲು ಕಾಯಿಲೆಯ ವಿಷಯ. ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ನಿನ ವೈದ್ಯ 1817ರಲ್ಲಿ ಇದರ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಇವತ್ತು ಅವನ ಹುಟ್ಟಿದ ದಿನ. ಅವನು ವಿವರಿಸಿದ್ದು ಆರೇ ಆರು ರೋಗಿಗಳನ್ನು, ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದು ಮಾತ್ರ. ಕೈನಡುಕವನ್ನು ಮಾತ್ರವಲ್ಲ, ಮೈ ಮುಂದಕ್ಕೆ ಬಾಗಿ ನಡಿಗೆ ತಾನಾಗಿ ಓಟವಾಗಿಬಿಡುವುದನ್ನೂ ಅವನು ಆಗಲೇ ಬರೆದಿಟ್ಟ. ನಮ್ಮ ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಪುಟ್ಟ ಭಾಗವೊಂದಿದೆ. ಅಲ್ಲಿ ಡೋಪಮಿನ್ ಎಂಬ ರಸ ತಯಾರಾಗುತ್ತದೆ. ಅದು ಕಡಿಮೆಯಾದಾಗ ತಾನಾಗಿ ನಡೆಯಬೇಕಾದ ಕೆಲಸಗಳು ತಾನಾಗಿ ನಡೆಯುವುದಿಲ್ಲ. ನೀವು ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಎಡಗಾಲು ಯಾವುದು ಬಲಗಾಲು ಯಾವುದು ಎಂದು ಯೋಚಿಸುತ್ತೀರಾ? ಇಲ್ಲ. ಅವರು ಯೋಚಿಸಬೇಕಾಗುತ್ತದೆ. ಕಾಲಿನಲ್ಲಿ ಬಲವಿದೆ, ಒಳಗಿನ ತಾಳ ತಪ್ಪಿದೆ. ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾಗದ 58 ವರ್ಷದ ಒಬ್ಬರು ಸೈಕಲ್ ಹತ್ತಿ ಸಲೀಸಾಗಿ ಹೋದದ್ದನ್ನು ನೆದರ್ಲೆಂಡ್ಸಿನ ವೈದ್ಯರು 2010ರಲ್ಲಿ ವಿಡಿಯೊ ಸಮೇತ ಪ್ರಕಟಿಸಿದರು. ಕಾಲೇ ಕೆಟ್ಟಿದ್ದರೆ ಇದು ಹೇಗೆ ಸಾಧ್ಯ, ಹೇಳಿ.

ಇನ್ನು ಯಂತ್ರ. ರೋಬಾಟ್ ಎಂದರೆ ತಲೆ, ಕಣ್ಣು ಇರುವ ಗೊಂಬೆಯಲ್ಲ. ಕೆಳಗೆ ಓಡುವ ಪಟ್ಟಿ, ಅಂದರೆ ಟ್ರೆಡ್‌ಮಿಲ್. ಮೇಲಿನಿಂದ ತೂಗುಬಿಟ್ಟ ಪಟ್ಟಿಯ ಕವಚ ಮೈಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಬೀಳುವ ಭಯವಿಲ್ಲ. ತೊಡೆಗೂ ಮೊಣಕಾಲಿಗೂ ಹೊರಗಿನಿಂದ ಕಟ್ಟಿದ ಲೋಹದ ಕಾಲು, ಅದರೊಳಗೆ ಮೋಟಾರು. ಇನ್ನೊಂದು ಬಗೆಯಲ್ಲಿ ಲೋಹದ ಕಾಲು ಇರುವುದಿಲ್ಲ. ಎರಡು ಪಾದಗಳನ್ನೂ ಎರಡು ಹಲಗೆಗಳ ಮೇಲೆ ಇರಿಸಿದರೆ ಹಲಗೆಗಳೇ ಹೆಜ್ಜೆಯಂತೆ ಚಲಿಸುತ್ತವೆ. ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಬೆಳೆದ ವಿದ್ಯೆ ಇದು. ಈಗ ನಮ್ಮ ನೆರೆಯ ಕೇರಳದಲ್ಲೇ, ಮ್ಯಾನ್‌ಹೋಲ್ ಸ್ವಚ್ಛ ಮಾಡುವ ಬ್ಯಾಂಡಿಕೂಟ್ ಯಂತ್ರವನ್ನು ಮಾಡಿದ ಜೆನ್‌ರೊಬಾಟಿಕ್ಸ್ ಕಂಪನಿಯವರು ಜಿ-ಗೈಟರ್ ಎಂಬ ನಡಿಗೆಯ ಯಂತ್ರವನ್ನೂ ತಯಾರಿಸುತ್ತಿದ್ದಾರೆ.

ಈಗ ನಮ್ಮ ಕಂಡಕ್ಟರ್ ಸಾಹೇಬರ ಕಥೆ. ಎಲ್ಲಿ ಮಾತನಾಡಲು ಹೋದರೂ ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಹಾಸನದ ಕಡೆಯವರು, ನಿವೃತ್ತ ಬಸ್ ಕಂಡಕ್ಟರ್. ಶಿರಾಡಿ ಘಾಟಿಯ ದಾರಿಯಲ್ಲಿ 32 ವರ್ಷ ಕೆಲಸ ಮಾಡಿದವರು. ತಿರುವಿನಲ್ಲಿ ಕಂಬಿಯನ್ನೂ ಹಿಡಿಯದೆ, ಸೊಂಟವನ್ನು ಸೀಟಿಗೆ ಆನಿಸಿ ನಿಂತು ಟಿಕೆಟ್ ಹರಿದವರು. ಅಂಥವರಿಗೆ ತಮ್ಮ ಮನೆಯ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಮೊದಲ ದಿನ ಯಂತ್ರಕ್ಕೆ ಕಟ್ಟಿ ನಿಲ್ಲಿಸಿದೆವು. ಗುಂಡಿ ಒತ್ತಿದ್ದೇ ತಡ, ಎಡ, ಬಲ, ಎಡ, ಬಲ, ಗಡಿಯಾರದ ಹಾಗೆ ನಡೆದರು. ಮಗ ವಿಡಿಯೊ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದ. ಮೂರು ವಾರ ಹೀಗೇ ನಡೆಯಿತು. ಆದರೆ ಯಂತ್ರದಿಂದ ಇಳಿದು ನಮ್ಮ ಕೋಣೆಯ ಬಾಗಿಲಿಗೆ ಬಂದರೆ ಸಾಕು, ಕಾಲು ಅಲ್ಲೇ ಕಟ್ಟಿಕೊಳ್ಳುತ್ತಿತ್ತು. ಮಗನ ಮುಖ ಕಪ್ಪಿಟ್ಟಿತು. ದುಡ್ಡು ಕಟ್ಟಿದವನು ಅವನಲ್ಲವೇ?

ಒಂದು ದಿನ ಕಂಡಕ್ಟರ್ ಸಾಹೇಬರೇ ಮೆಲ್ಲಗೆ ಕೇಳಿದರು. "ಮೇಡಂ, ಹಾಸನದಲ್ಲಿ ಬಸ್ ಹತ್ತಿ ನಿದ್ದೆ ಮಾಡಿದವನೂ ಮಂಗಳೂರಿಗೆ ಹೋಗಿ ಇಳಿಯುತ್ತಾನೆ. ಅವನಿಗೆ ದಾರಿ ಗೊತ್ತಾಯಿತು ಅನ್ನೋಣವೇ? ಈ ಯಂತ್ರದಲ್ಲಿ ನನಗೆ ನಿದ್ದೆ ಬರುತ್ತದೆ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಂತ್ರ ಎಷ್ಟು ಸಹಾಯ ಮಾಡಬೇಕು ಎಂಬುದನ್ನು ನಾವೇ ಹೆಚ್ಚು ಕಡಿಮೆ ಮಾಡಬಹುದು. ಅವರು ಬೀಳದಿರಲಿ, ಚೆನ್ನಾಗಿ ಕಾಣಲಿ ಎಂದು ನಾನು ಅದನ್ನು ಪೂರ್ತಿ ಏರಿಸಿಟ್ಟಿದ್ದೆ. ನಡೆದದ್ದು ಮೋಟಾರು, ಇವರು ಬರೀ ಪ್ರಯಾಣಿಕರು. ಮರುದಿನದಿಂದ ಸಹಾಯವನ್ನು ಇಳಿಸುತ್ತಾ ಬಂದೆ. ಅವರು ಬೆವರಿದರು, ಗೊಣಗಿದರು. "ಈಗ ಬಸ್ ತಳ್ಳಿದ ಹಾಗಾಗುತ್ತಿದೆ" ಎಂದರು. ತಳ್ಳಬೇಕಾದ್ದೇ! ಹೆಜ್ಜೆ ಉದ್ದವಾಯಿತು, ಆದರೂ ಬಾಗಿಲು ಬಾಗಿಲಾಗಿಯೇ ಉಳಿಯಿತು.

ಅದನ್ನು ಬಿಡಿಸಿದವರು ಅವರ ಮನೆಯವರು, ಮೂಲೆಯ ಬೆಂಚಿನ ಮೇಲೆ ಕೈಚೀಲ ಹಿಡಿದು ದಿನವೂ ಕಾಯುತ್ತಿದ್ದ ಆ ತಾಯಿ. ಒಂದು ಸಂಜೆ ಇವರು ಬಾಗಿಲಲ್ಲಿ ನಿಂತುಬಿಟ್ಟಾಗ, ಊರಿನ ಬಸ್ ತಪ್ಪುತ್ತದೆ ಎಂಬ ಸಿಟ್ಟಿನಲ್ಲಿ ಹಿಂದಿನಿಂದ "ರೈಟ್! ರೈಟ್!" ಎಂದು ಕೂಗಿದರು. ಕಾಲು ಎದ್ದಿತು. ಹೊಸ್ತಿಲು ದಾಟಿ ವರಾಂಡದ ಅರ್ಧಕ್ಕೆ ಹೋಗಿ ತಿರುಗಿ ನೋಡಿದರು, ಅವರಿಗೇ ನಂಬಿಕೆಯಿಲ್ಲ. ನಾನು ಇಷ್ಟು ವರ್ಷ ಓದಿದ್ದನ್ನು ಆ ತಾಯಿ ಒಂದು ಕೂಗಿನಲ್ಲಿ ಮಾಡಿ ತೋರಿಸಿದರು. ಒಳಗಿನ ತಾಳ ತಪ್ಪಿದವರಿಗೆ ಹೊರಗಿನ ತಾಳ ಬೇಕು. ಆಮೇಲೆ ನಾವು ಯಂತ್ರದ ಮೇಲೂ "ರೈಟ್" ಹೇಳಿಯೇ ಹೆಜ್ಜೆ ಹಾಕಿಸಿದೆವು. ನಡಿಗೆ ಓಟಕ್ಕೆ ತಿರುಗುವ ಸೂಚನೆ ಕಂಡರೆ "ಹೋಲ್ಡಾನ್", ಪೂರ್ತಿ ನಿಲ್ಲುವುದು, ಮತ್ತೆ "ರೈಟ್". ಅವರ ಹಳೆಯ ಸೀಟಿಯೂ ಬಂತು. ಪಕ್ಕದ ಕೋಣೆಯ ವೈದ್ಯರಿಂದ ದೂರೂ ಬಂತು, ಇರಲಿ.

ಕಥೆ ಉದ್ದವಾಯಿತು, ಉಳಿದ ಸಮಯ ಕಡಿಮೆ. ಬೇಗ ಬೇಗ ಹೇಳುತ್ತೇನೆ.

ಇಟಲಿಯ ವೆರೋನಾದಲ್ಲಿ 60 ರೋಗಿಗಳನ್ನು ಮೂರು ಗುಂಪು ಮಾಡಿ ನಾಲ್ಕು ವಾರ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ರೋಬಾಟ್, ಒಂದಕ್ಕೆ ಬರೀ ಟ್ರೆಡ್‌ಮಿಲ್, ಒಂದಕ್ಕೆ ಮಾಮೂಲಿ ವ್ಯಾಯಾಮ. 2013ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ಅಷ್ಟೇ ಶ್ರಮದ ಟ್ರೆಡ್‌ಮಿಲ್ ನಡಿಗೆಗಿಂತ ರೋಬಾಟ್ ಹೆಚ್ಚೇನೂ ಅಲ್ಲ. ಆದ್ದರಿಂದ ಊರಿನಲ್ಲಿ ರೋಬಾಟ್ ಇಲ್ಲವೆಂದು ಹೊಲ ಮಾರಲು ಹೋಗಬೇಡಿ. ಬೀಳುವ ಭಯದಿಂದ ನಿಲ್ಲಲೂ ಹೆದರುವವರಿಗೆ ಯಂತ್ರ ಬಹಳ ಒಳ್ಳೆಯದು, ಸುರಕ್ಷಿತವಾಗಿ ಸಾವಿರ ಹೆಜ್ಜೆ ಹಾಕಿಸುತ್ತದೆ. ಆ ಸಾವಿರ ಹೆಜ್ಜೆ ಅವರದಾಗಿರಬೇಕು, ಮೋಟಾರಿನದಲ್ಲ.

2024ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯಗಳವರು ಬಟ್ಟೆಯ ರೋಬಾಟನ್ನು ತೋರಿಸಿದರು. ಸೊಂಟಕ್ಕೂ ತೊಡೆಗೂ ಸುತ್ತಿಕೊಳ್ಳುವ ಉಡುಪು, ಹೆಜ್ಜೆ ಎತ್ತುವ ಗಳಿಗೆಗೆ ಸರಿಯಾಗಿ ತೊಡೆಯನ್ನು ಚೂರು ಎಳೆಯುತ್ತದೆ. 73 ವರ್ಷದ ಒಬ್ಬರಿಗೆ ಮನೆಯೊಳಗಿನ ನಡಿಗೆಯಲ್ಲಿ ಕಾಲು ಕಟ್ಟುವುದೇ ನಿಂತಿತು. ಗಮನಿಸಿ, ಅದು ಅವರನ್ನು ಹೊತ್ತು ನಡೆಸಲಿಲ್ಲ. ಅವರು ನಡೆದರು, ಅದು "ರೈಟ್" ಎಂದಿತು, ಅಷ್ಟೇ.

ಈಗ ಬಾಗಿಲಲ್ಲಿ ನಿಂತಿರುವ ನಿಮ್ಮ ಯಜಮಾನರು. ಕೈ ಬಿಡಿ, ಪಕ್ಕದಲ್ಲಿ ನಿಲ್ಲಿ. ಅವಸರ ಮಾಡಿಸಬೇಡಿ. ಭಾರವನ್ನು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ತೂಗಲು ಹೇಳಿ. ನಂತರ "ಒಂದು, ಎರಡು" ಎಂದು ಎಣಿಸಿ. ಬೇಕಿದ್ದರೆ ನಿಮ್ಮ ಪಾದವನ್ನು ಅಡ್ಡ ಇಟ್ಟು ಅದನ್ನು ದಾಟಲು ಹೇಳಿ. ಹೊಸ್ತಿಲ ಮುಂದೆ ನೆಲಕ್ಕೆ ಎದ್ದು ಕಾಣುವ ಬಣ್ಣದ ಟೇಪನ್ನು ಒಂದೊಂದು ಹೆಜ್ಜೆಗೆ ಅಂಟಿಸಿ. ನಡಿಗೆಯ ಅಭ್ಯಾಸವನ್ನು ಮಾತ್ರೆ ಕೆಲಸ ಆರಂಭಿಸಿದ ಮೇಲೆ ಮಾಡಿಸಿ, ನುಂಗಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆದ ಮೇಲೆ. ಮಾತ್ರೆಯ ಹೊತ್ತು ತಪ್ಪಿಸಬೇಡಿ. ಊಟದ ಬಗ್ಗೆಯೂ ಹೇಳುವುದಿತ್ತು, ಆಗುವುದಿಲ್ಲ, ನಿಮ್ಮ ವೈದ್ಯರನ್ನು ಕೇಳಿ.

ಹಾಲು ಉಕ್ಕುತ್ತಿರಬಹುದು, ಒಲೆ ಆರಿಸಿ ಬಾಗಿಲಿಗೆ ಹೋಗಿ. ನಮಸ್ಕಾರ.