ಹೆಬ್ಬೆರಳಷ್ಟು ಅಂಬಾರಿಗೆ ಚಿನ್ನದ ಮೆರುಗು

ನಮಸ್ಕಾರ. ಈಗ ನೀವು ನೋಡುತ್ತಿರುವುದು ರೆಸಿನ್‌ನಲ್ಲಿ ಎರಕ ಹೊಯ್ದ ಪುಟ್ಟ ಆನೆ. ಬೆನ್ನ ಮೇಲಿರುವುದು ಹೆಬ್ಬೆರಳಷ್ಟು ಎತ್ತರದ ಅಂಬಾರಿ. ನವರಾತ್ರಿಗೆ ನಮ್ಮ ಮನೆಯಲ್ಲಿ ಕೂರಿಸುವ ಗೊಂಬೆಗಳ ಸಾಲಿಗೆ ಈ ಸಲ ಜಂಬೂ ಸವಾರಿಯೂ ಸೇರಲಿದೆ. ಅರಮನೆಯ ಅಂಬಾರಿಯ ತೂಕ ಸುಮಾರು 750 ಕಿಲೋ; 2020ರಲ್ಲಿ ಅರ್ಜುನನೆಂಬ ಆನೆಯ ನಂತರ ಅದನ್ನು ಹೊರುವ ಸರದಿ ಅಭಿಮನ್ಯುವೆಂಬ ಆನೆಗೆ ಬಂತು. ನನ್ನ ಅಭಿಮನ್ಯುವಿಗೆ ಭಾರದ ಚಿಂತೆಯಿಲ್ಲ, ಕಷ್ಟವೆಲ್ಲ ಕುಂಚ ಹಿಡಿದವಳಿಗೆ.

ಅಂಬಾರಿಗೆ ನಾನು ಮೊದಲು ಹಚ್ಚುತ್ತಿರುವುದು ಕೆಂಪು ಮಿಶ್ರಿತ ಕಂದು. ಪಕ್ಕದಲ್ಲಿ ಕುಳಿತ ಅತ್ತೆಯವರಿಗೆ ಇದು ಸರಿಕಾಣಲಿಲ್ಲ. “ಚಿನ್ನದ ಅಂಬಾರಿಗೆ ಮಣ್ಣಿನ ಬಣ್ಣ ಯಾಕಮ್ಮ?” ಎಂದರು. ಕಾರಣವಿದೆ. ಬಿಳಿ ಪ್ರೈಮರಿನ ಮೇಲೆ ನೇರವಾಗಿ ಚಿನ್ನದ ಬಣ್ಣ ಬಳಿದರೆ ಅದು ಮಿಠಾಯಿ ಡಬ್ಬಿಯ ಮುಚ್ಚಳದಂತೆ ಕಾಣುತ್ತದೆ. ಈ ಬಣ್ಣದಲ್ಲಿರುವುದು ಚಿನ್ನವಲ್ಲ, ಅಭ್ರಕದ ಅಥವಾ ಲೋಹದ ಸಣ್ಣ ಚಕ್ಕೆಗಳು. ಚಕ್ಕೆಗಳ ನಡುವೆ ಅಡಿಯ ಬಣ್ಣ ಇಣುಕುತ್ತದೆ. ಕಂದು ಇಣುಕಿದರೆ ಚಿನ್ನಕ್ಕೆ ಕಾವು ಬರುತ್ತದೆ, ಬಿಳಿ ಇಣುಕಿದರೆ ಪೇಲವವಾಗುತ್ತದೆ. ನಮ್ಮ ಮೈಸೂರು ಚಿತ್ರಕಲೆಯವರಿಗೆ ಇದು ಹೊಸ ವಿಷಯವೇನಲ್ಲ. ಸಫೇದ ಎಂಬ ಬಿಳಿ ಪುಡಿಗೆ ಮಕ್ಕಿ ಎಂಬ ಹಳದಿ ಬಣ್ಣವನ್ನೂ ಅಂಟನ್ನೂ ಕಲಸಿ, ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು, ಅಂದರೆ ತೆಳು ಹಾಳೆ, ಕೂರಿಸುತ್ತಿದ್ದರು. ಹಳದಿಯ ಮೇಲೆ ಕೂತ ರೇಕು ಎಲ್ಲಾದರೂ ಹರಿದರೂ ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ಸೀಸೆಯನ್ನು ಚೆನ್ನಾಗಿ ಕುಲುಕಿ. ಚಕ್ಕೆಗಳು ತಳ ಸೇರಿರುತ್ತವೆ. ನೀರು ಹೆಚ್ಚಾದರೆ ಅವು ಅಂಚಿಗೆ ಹೋಗಿ ಗುಂಪುಗೂಡುತ್ತವೆ. ಆದ್ದರಿಂದ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೊಮ್ಮೆ ಹಚ್ಚಬೇಕು. ಈ ಕುಂಚಕ್ಕೆ ಬೇರೆಯೇ ಲೋಟದ ನೀರು. ಅದೇ ನೀರಿನಲ್ಲಿ ಬೂದು ಬಣ್ಣ ಕಲಸಿದಿರೋ, ಆನೆಯ ಕಿವಿಯೆಲ್ಲ ಮಿಣಮಿಣ.

ಈಗ ಸ್ವಲ್ಪ ಹತ್ತಿರದಿಂದ ನೋಡಿ. ಅಂಬಾರಿಯ ಕಂಬಕ್ಕೂ ಛಾವಣಿಗೂ ನಡುವೆ ಕೂದಲೆಳೆಯಷ್ಟು ಸಂದಿದೆ. ಕಡುಕಂದು ಬಣ್ಣವನ್ನು ನೀರಾಗಿಸಿ ಕುಂಚದ ತುದಿಯಿಂದ ಅಲ್ಲಿ ಮುಟ್ಟಿಸಿದೆ. ತಾನಾಗಿಯೇ ಸಂದಿಯುದ್ದಕ್ಕೂ ಹರಿಯಿತು. ಈಗ ಕಂಬ ಬೇರೆ, ಛಾವಣಿ ಬೇರೆಯಾಗಿ ಎದ್ದು ನಿಂತವು. ಹೊಳಪು ಹೆಚ್ಚಿಸಲು ನಾನು ಇಲ್ಲಿ ಹೊಳಪನ್ನು ಸೇರಿಸಿಲ್ಲ, ಕತ್ತಲೆಯನ್ನು ಸೇರಿಸಿದ್ದೇನೆ. ನಿಜವಾದ ಲೋಹ ಸುತ್ತಲಿನ ಬೆಳಕನ್ನೂ ನೆರಳನ್ನೂ ಪ್ರತಿಫಲಿಸುತ್ತದೆ. ಇಷ್ಟು ಚಿಕ್ಕ ಬೊಂಬೆಯಲ್ಲಿ ಆ ನೆರಳನ್ನು ನಾವೇ ಕೊಡಬೇಕು. ಕೊನೆಗೆ ಚಿನ್ನಕ್ಕೆ ಒಂದಿಷ್ಟು ಬೆಳ್ಳಿ ಬೆರೆಸಿ, ಕಳಶದ ತುದಿಗೂ ಅಂಚುಗಳಿಗೂ ಮಾತ್ರ.

ಲೋಹದ ಬಣ್ಣವನ್ನೇ ಮುಟ್ಟದೆ, ಕಂದು, ಹಳದಿ, ಬಿಳಿಯಲ್ಲೇ ಹೊಳಪನ್ನು ಚಿತ್ರಿಸುವವರೂ ಇದ್ದಾರೆ. ಸ್ಪರ್ಧೆಗಳಲ್ಲಿ ಅದಕ್ಕೆ ಬಹಳ ಮರ್ಯಾದೆ. ಕೈಚಳಕ ಬೇಕು, ಒಪ್ಪುತ್ತೇನೆ. ಆದರೆ ಆ ಬೆಳಕು ಎಳೆದ ಜಾಗದಲ್ಲೇ ನಿಂತಿರುತ್ತದೆ. ಒಂದು ಕೋನದಿಂದ, ಫೋಟೋದಲ್ಲಿ ಅದ್ಭುತ. ಗೊಂಬೆ ನೋಡಲು ಬರುವವರು ಒಂದೇ ಕಡೆ ನಿಲ್ಲುತ್ತಾರೆಯೇ? ಅಜ್ಜಿಯರು ಕುರ್ಚಿಯಿಂದ ನೋಡುತ್ತಾರೆ, ಮಕ್ಕಳು ಮೆಟ್ಟಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೂಗು ತಾಗಿಸುತ್ತಾರೆ. ಅವರು ಕದಲಿದಂತೆ ಹೊಳಪೂ ಕದಲಬೇಕು. ಹಾಗಾಗಿ ನನ್ನ ಓಟು ಚಕ್ಕೆಯ ಬಣ್ಣಕ್ಕೇ.

ಬಣ್ಣವನ್ನು ಪರೀಕ್ಷಿಸುವುದೂ ಗೊಂಬೆ ಕೂರಿಸುವ ಜಾಗದ ಬೆಳಕಿನಲ್ಲೇ ಆಗಬೇಕು. ನಮ್ಮ ಮನೆಯ ಸರಮಾಲೆ ದೀಪ ಹಳದಿ ಬಣ್ಣದ್ದು. ಮೇಜಿನ ಬಿಳಿ ಎಲ್‌ಇಡಿಯಲ್ಲಿ ಹದವಾಗಿ ಕಂಡ ಚಿನ್ನ ಅಲ್ಲಿ ಕಿತ್ತಳೆಗೆ ತಿರುಗುತ್ತದೆ. ಅದಕ್ಕೇ ಬೆಳ್ಳಿಯನ್ನು ಕೊಂಚ ಧಾರಾಳವಾಗಿ ಬಳಸಿದ್ದೇನೆ.

ಅಂಬಾರಿಗೆ ಹೊಳಪಿನ ವಾರ್ನಿಷ್, ಆನೆಯ ಚರ್ಮಕ್ಕೆ ಹೊಳಪಿಲ್ಲದ್ದು. ಎರಡನ್ನೂ ಕುಂಚದಲ್ಲೇ ಹಚ್ಚುತ್ತೇನೆ. ಹೊಳಪಿಲ್ಲದ ವಾರ್ನಿಷನ್ನು ಎಲ್ಲದರ ಮೇಲೂ ಸ್ಪ್ರೇ ಮಾಡಿದರೆ ಚಿನ್ನ ಮಂಕಾಗುತ್ತದೆ.

ಇನ್ನು ಸವಾರಿಯ ಜೊತೆ ಸಾಗುವ ಬ್ಯಾಂಡಿನವರು. ಅವರ ತುತ್ತೂರಿಗಳು ಹಿತ್ತಾಳೆಯವು, ಅಂಬಾರಿಯ ಚಿನ್ನದ ಪಕ್ಕದಲ್ಲಿ ಬೇರೆಯಾಗಿಯೇ ಕಾಣಬೇಕು. ಅದೇ ಚಿನ್ನದ ಬಣ್ಣ, ಆದರೆ ನೆರಳಿಗೆ ಕಡುಕಂದಿನ ಬದಲು ಹಸಿರು ಬೆರೆತ ಕಂದು. ಭರ್ಜಿಯ ಮೊನೆಗಳಿಗೆ ಅಡಿಯಲ್ಲಿ ಕಪ್ಪು, ಮೇಲೆ ಬೆಳ್ಳಿ. ಅವು ಅಕ್ಕಿಕಾಳಿಗಿಂತ ಚಿಕ್ಕವು, ಭೂತಗನ್ನಡಿ ತರುತ್ತೇನೆ, ಇರಿ.