ಗುಂಡ್ಲಕಮ್ಮ ಹೊಳೆಯ ದಡದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂಗೋಲು ಅಂದ ಕೂಡಲೇ ನಮ್ಮ ರೈತರಿಗೆ ಎತ್ತು ನೆನಪಾಗುತ್ತದೆ. ಬಿಳಿ ಮೈ, ಎತ್ತರದ ಹಿಣಿಲು, ಗತ್ತಿನ ನಡಿಗೆ. ಆಂಧ್ರದ ಕರಾವಳಿ ಕಡೆಯ ಆ ಊರಿನಲ್ಲಿ ಒಂದು ಬ್ಯಾಪ್ಟಿಸ್ಟ್ ಸಭೆ, ಅಂದರೆ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದ ಚರ್ಚು ಇದೆ. ಅದರ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ಬ್ಯಾಪ್ಟಿಸ್ಟರಲ್ಲಿ ಎಳೆಗೂಸಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ನೀರಿನ ಸಂಸ್ಕಾರ, ಇಲ್ಲ. ಬುದ್ಧಿ ಬಂದವರು ತಾವಾಗಿ ಕೇಳಿಕೊಂಡು ಬರಬೇಕು, ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು. 'ತಾವಾಗಿ ಕೇಳಿಕೊಂಡು' ಅನ್ನುವುದನ್ನು ದಯವಿಟ್ಟು ನೆನಪಿನಲ್ಲಿಡಿ.

ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದದ್ದು 1836ರಲ್ಲಿ. ಆಮೇಲೆ ನೆಲ್ಲೂರಿನಲ್ಲಿ ನೆಲೆ ನಿಂತರು. ವರ್ಷಗಳು ಹೋದವು, ಸೇರಿದವರು ಬೆರಳೆಣಿಕೆಯಷ್ಟು. ಇದನ್ನು ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಒಂದಲ್ಲ, ಮೂರು ಸಲ ಮಾತು ಬಂತು. ಭೂಪಟದಲ್ಲಿ ಒಂಟಿಯಾಗಿ ಕಾಣುತ್ತಿದ್ದ ನೆಲ್ಲೂರಿಗೆ 'ಒಂಟಿ ನಕ್ಷತ್ರ' ಅಂತಲೇ ಹೆಸರು ಬಿತ್ತು.

1854ರ ಜನವರಿ 1. ಇನ್ನೂ ನಸುಕು. ಒಂಗೋಲಿನ ಪಕ್ಕದ ಗುಡ್ಡವನ್ನು ಐದು ಜನ ಹತ್ತಿದರು. ಲೈಮನ್ ಜ್ಯುವೆಟ್ ಎಂಬ ಪಾದ್ರಿ, ಅವರ ಹೆಂಡತಿ, ಜೊತೆಗೆ ಮೂವರು ತೆಲುಗು ಕ್ರೈಸ್ತರು. ಈ ಊರಿಗೂ ಒಬ್ಬರನ್ನು ಕಳಿಸು ಅಂತ ಅಲ್ಲಿ ಮೊಣಕಾಲೂರಿ ಬೇಡಿಕೊಂಡರು. ಹಾಗೆ ಬಂದು ನೆಲೆಸಿದವರು ಅಮೆರಿಕದ ಪಾದ್ರಿ ಜಾನ್ ಕ್ಲಫ್. ಅದು 1866ರಲ್ಲಿ. ಬೇಡಿಕೆಗೂ ಬರವಿಗೂ ನಡುವೆ ಹನ್ನೆರಡು ವರ್ಷ! 1867ರ ಹೊಸ ವರ್ಷದ ದಿನ ಒಂಗೋಲಿನ ಸಭೆ ಶುರುವಾಯಿತು. ಸದಸ್ಯರು ಎಂಟೇ ಜನ.

ಈ ಕಥೆಯನ್ನು ಸಾಮಾನ್ಯವಾಗಿ ಕ್ಲಫ್ ಅವರ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಇದು ಯೆರ್ರಗುಂಟ್ಲ ಪೇರಯ್ಯನ ಕಥೆ ಅನಿಸುತ್ತದೆ. ಪೇರಯ್ಯ ಮಾದಿಗರವನು, ತಾಳ್ಳಕೊಂಡಪಾಡು ಎಂಬ ಹಳ್ಳಿಯವನು. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗಿದವನು. ದೇವರ ದಾರಿ ಹುಡುಕುತ್ತ ಗುರುಗಳ ಬಳಿ ಯೋಗ ಕಲಿತವನು. ಅವನನ್ನು ಯಾರೂ ಕರೆತರಲಿಲ್ಲ. ಅವನೇ ಒಂಗೋಲಿಗೆ ಬಂದ, ಹೆಂಡತಿಯ ಜೊತೆ ದೀಕ್ಷಾಸ್ನಾನ ಪಡೆದ. ಊರಿಗೆ ಹಿಂತಿರುಗಿ ಮನೆ ಮನೆಗೆ ಹೋಗಿ ಮಾತಾಡಿದ. ಮುಂದಿನ ಜನವರಿಯಲ್ಲಿ ಕ್ಲಫ್ ಆ ಊರಿಗೆ ಹೋದಾಗ 28 ಜನ ಸಿದ್ಧವಾಗಿ ನಿಂತಿದ್ದರು.

ಆಗಲೇ ಇಕ್ಕಟ್ಟು ಬಂತು. ಒಂಗೋಲಿನ ಮೇಲ್ಜಾತಿಯ ಕೆಲವು ಹುಡುಗರು ಕ್ಲಫ್ ಹತ್ತಿರ ಬರತೊಡಗಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಅಂದರು. ಏನು ಮಾಡುವುದು? ಕ್ಲಫ್ ಬೈಬಲ್ ತೆರೆದರು. ಇನ್ನೊಂದು ಕೋಣೆಯಲ್ಲಿ ಅವರ ಹೆಂಡತಿಯೂ ತೆರೆದಿದ್ದರು. ಇಬ್ಬರಿಗೂ ಸಿಕ್ಕಿದ್ದು ಒಂದೇ ಜಾಗ, ಕೊರಿಂಥದವರಿಗೆ ಪೌಲ ಬರೆದ ಪತ್ರ: ಲೋಕ ಕೀಳು ಅಂದವರನ್ನೇ ದೇವರು ಆರಿಸಿಕೊಂಡ ಅನ್ನುವ ಮಾತು. ಇದನ್ನು ಹೇಳಿದವರು ಕ್ಲಫ್ ಅವರೇ. ಬಾಗಿಲು ಮಾದಿಗರಿಗೆ ತೆರೆದೇ ಉಳಿಯಿತು.

ಸೇರುವವರಿಗೆ ಮೂರು ಕಟ್ಟು. ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜಿಸಬಾರದು. ಕೇಳಲು ಸುಲಭ, ಅಲ್ವಾ? ಹಳ್ಳಿಯಲ್ಲಿ ಮಾದಿಗನ ಬದುಕು ನೆನಪಿಸಿಕೊಳ್ಳಿ. ಬಾವಿಯ ನೀರೆತ್ತುವ ಕಪಿಲೆಯ ಚರ್ಮದ ಚೀಲ ಹೊಲಿಯಬೇಕು, ಕೆರ ಕೊಡಬೇಕು, ಜಾತ್ರೆಗೆ ತಮಟೆ ಬಡಿಯಬೇಕು, ಕರೆದಾಗ ಬಿಟ್ಟಿ ಚಾಕರಿಗೆ ಓಡಬೇಕು. ಅಂಥವನು 'ಇವತ್ತು ಭಾನುವಾರ, ನಾನು ಬರಲ್ಲ' ಅಂದರೆ ಯಜಮಾನನಿಗೆ ಸಿಟ್ಟು ಬರದೆ ಇರುತ್ತದೆಯೇ? ವಾರದಲ್ಲಿ ಒಂದು ದಿನ ತನ್ನದು ಅನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದಕ್ಕಾಗಿ ಜನ ಕಷ್ಟವನ್ನೂ ಉಂಡರು.

ಆಮೇಲೆ ಬರ ಬಂತು. 1876ರಿಂದ 1878. ಅದೇ ನಮ್ಮ ಧಾತು-ಈಶ್ವರ ಸಂವತ್ಸರಗಳ ಬರ. ಬಳ್ಳಾರಿ ಸೀಮೆಯನ್ನೂ ಮೈಸೂರು ಸೀಮೆಯನ್ನೂ ನುಂಗಿದ ಬರ. ಹಸಿದವರಿಗೆ ಕೂಲಿ ಸಿಗಲಿ ಅಂತ ನಮ್ಮಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಹಿಡಿದರು. ಅಲ್ಲಿ ಬಕಿಂಗ್ಹ್ಯಾಮ್ ಕಾಲುವೆ ತೋಡಿಸಿದರು. ಕ್ಲಫ್ ಹರೆಯದಲ್ಲಿ ಸರ್ವೆ ಕೆಲಸ ಕಲಿತಿದ್ದರು. ಮೂರೂವರೆ ಮೈಲಿ ಕಾಲುವೆಯನ್ನು ತಾವೇ ಗುತ್ತಿಗೆ ಹಿಡಿದು ತಮ್ಮ ಬೋಧಕರನ್ನೇ ಮೇಸ್ತ್ರಿಗಳಾಗಿ ನಿಲ್ಲಿಸಿದರು. ಮಧ್ಯಾಹ್ನ ಮಣ್ಣಿನ ಪುಟ್ಟಿ ಇಳಿಸಿ ಕೂತವರಿಗೆ ಆ ಬೋಧಕರು ಹೇಳುತ್ತಿದ್ದ ಮಾತು ಒಂದೇ: ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿ ಅಂತ ಯೇಸು ಕರೆಯುತ್ತಾನೆ. ಇಡೀ ದಿನ ತಲೆ ಮೇಲೆ ಹೊರೆ ಹೊತ್ತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಜಿಗಾಗಿ ಕ್ರೈಸ್ತರಾದರು ಅನ್ನುವ ಮಾತು ಇಂಥ ಕಡೆ ಯಾವಾಗಲೂ ಬರುತ್ತದೆ. ಕ್ಲಫ್ ಅವರಿಗೂ ಅದೇ ಅಂಜಿಕೆ ಇತ್ತು. ಅದಕ್ಕೇ ಬರ ಇದ್ದಷ್ಟು ಕಾಲ, ಒಂದು ವರ್ಷಕ್ಕೂ ಜಾಸ್ತಿ, ಯಾರು ಕೇಳಿದರೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರದ ದುಡ್ಡು ಮುಗಿಯಿತು. ಇನ್ನು ಕೊಡಲು ಏನೂ ಇಲ್ಲ ಅಂತ ಹೇಳಿ ಕಳಿಸಿದರು. ಆದರೂ ಜನ ಬಂದರು. ದುಡ್ಡು ಬೇಡ, ದೀಕ್ಷಾಸ್ನಾನ ಕೊಡಿ ಅಂದರು.

ಒಂಗೋಲಿನಿಂದ ಹತ್ತು ಮೈಲಿ ದೂರದ ವೆಲ್ಲಂಪಲ್ಲಿಯಲ್ಲಿ, ಗುಂಡ್ಲಕಮ್ಮ ಹೊಳೆಯ ದಡದಲ್ಲಿ ಜನ ಸೇರಿದರು. 1878ರ ಜುಲೈ 2ರಂದು 614 ಜನ. ಮರುದಿನ 2,222. ಕ್ಲಫ್ ಹೊಳೆಗೆ ಇಳಿಯಲೇ ಇಲ್ಲ, ದಡದಲ್ಲಿ ನಿಂತು ವ್ಯವಸ್ಥೆ ನೋಡಿಕೊಂಡರು. ನೀರಲ್ಲಿ ನಿಂತವರು ಆರು ಜನ ತೆಲುಗು ಬೋಧಕರು. ಒಂದು ಸಲಕ್ಕೆ ಇಬ್ಬರು. ಅವರು ದಣಿದರೆ ಇನ್ನಿಬ್ಬರು. ಬೆಳಿಗ್ಗೆ ಶುರು, ಬಿಸಿಲು ಏರಿದಾಗ ಬಿಡುವು, ಮಧ್ಯಾಹ್ನದ ಮೇಲೆ ಮತ್ತೆ ಸಂಜೆವರೆಗೆ. ಗುಂಪಿಗೆ ಗುಂಪನ್ನೇ ಮುಳುಗಿಸಲಿಲ್ಲ. ಒಬ್ಬೊಬ್ಬರನ್ನೇ ಕೈಹಿಡಿದು ನೀರಿಗೆ ಇಳಿಸಿದರು, ಒಬ್ಬೊಬ್ಬರನ್ನೇ ಎತ್ತಿದರು.

ಜುಲೈ 4ರಂದು ಇನ್ನೂ 700 ಜನ ಬಂದರು.

ನಮಸ್ಕಾರ.