ಪಲ್ಲವಿ ಹಿಡಿದವರು, ಚರಣ ಬಿಟ್ಟವರು

[ಪರದೆ ಕಪ್ಪು. ಗಿಟಾರಿನ ಒಂದೇ ತಂತಿಯ ಸದ್ದು.]

ನಿರೂಪಣೆ:
ಯೌವನದ ಬಂಡಾಯ ಗೀತೆ ಎಂದು ಐವತ್ತು ವರ್ಷಗಳಿಂದ ಜನ ಕೈಯೆತ್ತಿ ಹಾಡುತ್ತಿರುವ ಹಾಡೊಂದಿದೆ. ಅದರ ಮೊದಲ ಚರಣದಲ್ಲೇ ಬಿಲ್ಲಿ ಎಂಬ ಹುಡುಗ ರಾತ್ರಿಯಿಡೀ ತನ್ನ ಆತ್ಮಹತ್ಯೆಯ ಮಾತಾಡುತ್ತಾನೆ. ಇಪ್ಪತ್ತೈದು ತುಂಬಿದ ಮೇಲೆ ಬದುಕಿರುವ ಮನಸ್ಸು ಅವನಿಗಿಲ್ಲ. ಇದನ್ನು ಹಬ್ಬದ ಹಾಡಿನಂತೆ ಹಾಡುವವರ ಕಿವಿಗೆ ಏನು ಬೀಳುತ್ತಿದೆ?

ಹಾಡಿನ ಹೆಸರು ‘ಆಲ್ ದ ಯಂಗ್ ಡ್ಯೂಡ್ಸ್’. ಬರೆದವರು ಬ್ರಿಟಿಷ್ ಗಾಯಕ ಡೇವಿಡ್ ಬೋವಿ, ಹಾಡಿದ್ದು ಮಾಟ್ ದ ಹೂಪಲ್ ಎಂಬ ಬ್ರಿಟಿಷ್ ತಂಡ, ವರ್ಷ 1972. ಹಾಡನ್ನು ಇಲ್ಲಿ ಕೇಳಿಸಿದರೆ ಹಕ್ಕುಸ್ವಾಮ್ಯದವರು ಈ ವಿಡಿಯೋವನ್ನೇ ಎತ್ತಿಬಿಡುತ್ತಾರೆ. ಆಮೇಲೆ ನೀವೇ ಹುಡುಕಿ ಕೇಳಿ.

[ಭೂಪಟದಲ್ಲಿ ಜ್ಯೂರಿಕ್.]

ನಿರೂಪಣೆ:
ಆ ವರ್ಷದ ಮಾರ್ಚ್ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿದ್ದ ತಂಡ ಇನ್ನು ಸಾಕು ಎಂದು ಚದುರಲು ನಿರ್ಧರಿಸಿತು. ನಾಲ್ಕು ಆಲ್ಬಮ್ ಬಂದಿದ್ದರೂ ಯಾವುದೂ ದೊಡ್ಡದಾಗಿ ಮಾರಾಟವಾಗಿರಲಿಲ್ಲ. ಬೇಸ್ ಗಿಟಾರ್ ನುಡಿಸುತ್ತಿದ್ದ ಓವರೆಂಡ್ ವಾಟ್ಸ್ ಎಲ್ಲಾದರೂ ಕೆಲಸ ಸಿಗಬಹುದೇ ಎಂದು ಬೋವಿಗೆ ಫೋನ್ ಮಾಡಿದರು. ಬೋವಿ ಈ ತಂಡದ ಅಭಿಮಾನಿ. ಹಿಂದೆಯೇ ‘ಸಫ್ರಜೆಟ್ ಸಿಟಿ’ ಎಂಬ ಹಾಡನ್ನು ಕೊಡಲು ಹೋಗಿದ್ದರು, ತಂಡ ಬೇಡವೆಂದಿತ್ತು. ಈ ಸಲ ಅವರು ಅಕೂಸ್ಟಿಕ್ ಗಿಟಾರ್ ಹಿಡಿದು ಹೊಸದೊಂದನ್ನು ಹಾಡಿ ತೋರಿಸಿದರು. ಇದು ಗೆಲ್ಲುವ ಹಾಡು ಎಂದು ಗಾಯಕ ಇಯಾನ್ ಹಂಟರ್‌ಗೆ ಆ ಕ್ಷಣವೇ ಹೊಳೆಯಿತಂತೆ. ಮೇ ತಿಂಗಳಲ್ಲಿ ಧ್ವನಿಮುದ್ರಣ, ಜುಲೈ 28ಕ್ಕೆ ಬಿಡುಗಡೆ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೂರನೇ ಸ್ಥಾನದವರೆಗೆ ಏರಿತು.

ಯುವಜನರ ಈ ಹಾಡು ಹೊರಬಂದಾಗ ಹಂಟರ್‌ಗೆ 33. ಬಿಲ್ಲಿ ಗಡುವು ಹಾಕಿಕೊಂಡಿದ್ದ ಇಪ್ಪತ್ತೈದು ಬೋವಿಯ ಆಗಿನ ವಯಸ್ಸು.

[ಹಳೆಯ ರೇಡಿಯೋ. ಗುಂಡಿ ತಿರುಗುತ್ತದೆ.]

ನಿರೂಪಣೆ:
ಬಿಬಿಸಿಯ ಕಥೆ ಇನ್ನೂ ಸೊಗಸು. ಬಟ್ಟೆ ಕದಿಯುವ ಹುಡುಗಿಯ ಸಾಲಿನಲ್ಲಿ ‘ಮಾರ್ಕ್ಸ್ ಅಂಡ್ ಸ್ಪಾರ್ಕ್ಸ್’ ಎಂದಿತ್ತು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗೆ ಜನ ಇಟ್ಟ ಅಡ್ಡಹೆಸರು ಅದು. ಬಿಬಿಸಿಯಲ್ಲಿ ಜಾಹೀರಾತಿಗೆ ಜಾಗವಿಲ್ಲ. ಹಂಟರ್ ಆ ಸಾಲನ್ನು ಮತ್ತೆ ಹಾಡಿ, ಬೀಗ ಹಾಕದ ಕಾರುಗಳಿಂದ ಬಟ್ಟೆ ಕದಿಯುವಂತೆ ಮಾಡಿದರು. ಕಳ್ಳತನಕ್ಕೆ ತಕರಾರಿಲ್ಲ, ಅಂಗಡಿಯ ಹೆಸರಿಗೆ ತಕರಾರು!

ಹಾಡಿನ ಇನ್ನೊಂದು ಪಾತ್ರ ಲೂಸಿಯೂ ಹಾಗೆಯೇ ಬಿಬಿಸಿಯನ್ನು ದಾಟಿಹೋದ. ಹೌದು, ಹೋದ. ಹೆಣ್ಣಿನ ಹೆಸರು, ಆದರೆ ಹಾಡು ಅವನನ್ನು ‘ಅವನು’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಅದು ಕಿವಿ ತಪ್ಪಿಸಿಕೊಳ್ಳಬಹುದಾದ ಚಿಕ್ಕ ಸರ್ವನಾಮ. ಕನ್ನಡದಲ್ಲಿ ‘ರಾಣಿಯ ಹಾಗೆ ಸಿಂಗರಿಸಿಕೊಳ್ಳುತ್ತಾನೆ’ ಎನ್ನುವಾಗ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂಬ ಕಾನೂನು ಬಂದದ್ದು 1967ರಲ್ಲಿ, ಅದೂ ಷರತ್ತುಗಳೊಂದಿಗೆ. ಲಂಡನ್ನಿನಲ್ಲಿ ಸಲಿಂಗಿಗಳ ಮೊದಲ ‘ಪ್ರೈಡ್’ ಮೆರವಣಿಗೆ ನಡೆದದ್ದು 1972ರ ಜುಲೈ 1ರಂದು. ಅದೇ ತಿಂಗಳ ಕೊನೆಗೆ ಲೂಸಿ ರೆಕಾರ್ಡಿನೊಳಗೆ ಕೂತು ಅಂಗಡಿಗೆ ಬಂದ.

[ಮನೆಯ ಮೂಲೆಯಲ್ಲಿ ಹಳೆಯ ರೆಕಾರ್ಡುಗಳ ಅಟ್ಟಿ.]

ನಿರೂಪಣೆ:
ಹಾಗಾದರೆ ಈ ಬಂಡಾಯ ಯಾರ ಮೇಲೆ? ಅಪ್ಪನ ಮೇಲಲ್ಲ, ಅಣ್ಣನ ಮೇಲೆ. ಹಾಡಿನಲ್ಲಿ ಅಣ್ಣ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ತಂಡಗಳ ರೆಕಾರ್ಡು ಹಾಕಿಕೊಂಡು ಮನೆಯಲ್ಲಿ ಕುಳಿತಿದ್ದಾನೆ. ಆ ಕ್ರಾಂತಿಯ ಮಾತು ನಮಗೆ ರುಚಿಸಲೇ ಇಲ್ಲ ಎನ್ನುತ್ತಾನೆ ತಮ್ಮ. ಅರವತ್ತರ ದಶಕವನ್ನು ತಪ್ಪಿಸಿಕೊಂಡ ಕಿರಿಯರ ಮುನಿಸು ಇದು. ನನಗೆ ಇಡೀ ಹಾಡಿನಲ್ಲಿ ಅತ್ಯಂತ ನಿಜವೆನಿಸುವುದು ಈ ಸಾಲೇ.

ಬೋವಿಯ ಲೆಕ್ಕ ಬೇರೆಯೇ ಇತ್ತು. ಇದು ಯೌವನದ ಸ್ತುತಿಯಲ್ಲ, ಪೂರ್ತಿ ತದ್ವಿರುದ್ಧ ಎಂದು 1974ರಲ್ಲಿ ಅಚ್ಚಾದ ಸಂಭಾಷಣೆಯೊಂದರಲ್ಲಿ ಅವರು ಲೇಖಕ ವಿಲಿಯಂ ಬರೋಸ್ ಅವರಿಗೆ ವಿವರಿಸಿದರು. ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ರಾಕ್ ತಾರೆಯ ಬಗ್ಗೆ ಬೋವಿ ಕಟ್ಟಿದ ಕಥೆಯಲ್ಲಿ ಭೂಮಿಗೆ ಉಳಿದಿರುವುದು ಐದೇ ವರ್ಷ. ಪಲ್ಲವಿಯ ಹುಡುಗರು ಹೊತ್ತು ತರುವ ಸುದ್ದಿ ಆ ಭಯಂಕರ ಸುದ್ದಿ.

ಜನ ಕೇಳಲಿಲ್ಲ. ತಪ್ಪು ಜನರದೂ ಅಲ್ಲ, ರಾಗದ್ದು ಎನ್ನುತ್ತೇನೆ. ಚರಣದ ಕೆಳಗೆ ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ನಮ್ಮ ಅವರೋಹಣದ ಹಾಗೆ. ಹಂಟರ್ ಅರ್ಧ ಹಾಡುತ್ತಾ ಅರ್ಧ ಮಾತಾಡುತ್ತಾ ಹೋಗುತ್ತಾರೆ. ಪಲ್ಲವಿ ಬಂದೊಡನೆ ಹಲವು ಕಂಠಗಳು ಕೂಡಿಕೊಳ್ಳುತ್ತವೆ, ಬೋವಿಯದೂ ಸೇರಿ. ಒಂಟಿ ಹುಡುಗರ ದುಃಖವೆಲ್ಲ ಒಬ್ಬನ ದನಿಯಲ್ಲಿದೆ, ಪಲ್ಲವಿ ಮಾತ್ರ ಗುಂಪಿನದು. ಗುಂಪಿನಲ್ಲಿ ನಿಂತವನು ಗುಂಪಿನದನ್ನೇ ಹಾಡುತ್ತಾನೆ. ಕೊನೆಗೆ ಪಲ್ಲವಿ ತಿರುಗುತ್ತಿರುವಾಗಲೇ ಹಂಟರ್ ಕೆಳಗೆ ನಿಂತ ಕನ್ನಡಕದ ವ್ಯಕ್ತಿಯೊಬ್ಬನನ್ನು ಮುಂದಕ್ಕೆ ಕರೆಯುತ್ತಾರೆ. ಕರೆಯುವವರ ಕಣ್ಣಿಗೂ ಕಪ್ಪು ಕನ್ನಡಕ.

[ವೆಂಬ್ಲಿ ಕ್ರೀಡಾಂಗಣ. ಸಂಜೆ.]

ನಿರೂಪಣೆ:
1992ರ ಏಪ್ರಿಲ್ 20. ಏಡ್ಸ್‌ನಿಂದ ತೀರಿಕೊಂಡ ಫ್ರೆಡ್ಡಿ ಮರ್ಕ್ಯುರಿಯ ಸ್ಮರಣೆಯ ಸಂಗೀತ ಕಛೇರಿ. 1973ರಲ್ಲಿ ಮಾಟ್ ದ ಹೂಪಲ್‌ನ ಪ್ರವಾಸದಲ್ಲಿ ಅವರಿಗಿಂತ ಮೊದಲು ವೇದಿಕೆ ಏರುತ್ತಿದ್ದ ಹೊಸ ತಂಡ ಮರ್ಕ್ಯುರಿಯ ಕ್ವೀನ್. ಈಗ ಕ್ವೀನ್‌ನ ಉಳಿದವರ ಜೊತೆ ಹಂಟರ್ ಹಾಡುತ್ತಿದ್ದಾರೆ, ಬೋವಿ ಸ್ಯಾಕ್ಸೊಫೋನ್ ಹಿಡಿದಿದ್ದಾರೆ. ಗಿಟಾರ್ ನುಡಿಸುತ್ತಿರುವ ಮಿಕ್ ರಾನ್ಸನ್‌ಗೆ ಕ್ಯಾನ್ಸರ್. ಮುಂದಿನ ಏಪ್ರಿಲ್‌ನಲ್ಲಿ ಅವರೂ ಹೋಗುತ್ತಾರೆ. ಹಂಟರ್‌ಗೆ ಈಗ 52. ಮೈಕಿನ ಮುಂದೆ ನಿಂತು ಅವರು ಮೊದಲು ಹೇಳುವ ಹೆಸರು ಬಿಲ್ಲಿ.